ದೇವರು ನಿಮಗೆ ಆಫಿಯಾ ಕೊಡಲಿ, ಅತ್ತೆ

ಮಕ್ನಾಸ್, ಮೊರಾಕೊ
ಈದ್‌ನ ಮರುದಿನ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಕೈಗೆ ಮುತ್ತಿಟ್ಟು ಹಣೆಗೆ ಒತ್ತಿಕೊಂಡಿದ್ದೇನೆ. ಮೊಣಕಾಲು ಹೇಗಿದೆ, ಮಾವನವರ ಕೆಮ್ಮು ಹೇಗಿದೆ ಎಂದು ಕೇಳಿದ್ದೇನೆ. ಮರ್ಯಾದೆಯ ಮಾತು ಇಲ್ಲಿಗೆ ಮುಗಿಯಿತು, ಇನ್ನು ವಿಷಯಕ್ಕೆ ಬರುತ್ತೇನೆ. ನ್ಯಾಯವಾಗಿ ಈ ಪತ್ರವನ್ನು ನಿಮ್ಮ ಮಗ ಬರೆಯಬೇಕಿತ್ತು. "ಅಮ್ಮಂಗೆ ನೀನೇ ಬರಿ, ನನ್ ಕೈಲಾಗಲ್ಲ" ಎಂದು ಪೆನ್ನು ನನ್ನ ಕೈಗಿಟ್ಟು ಹೊರಗೆ ಹೋಗಿಬಿಟ್ಟರು. ಅರಬ್ಬಿ ವ್ಯಾಕರಣದ ಮೇಷ್ಟ್ರು, ಇಡೀ ಶಾಲೆಯನ್ನು ನಡುಗಿಸುತ್ತಾರೆ, ಹೆತ್ತ ತಾಯಿಗೆ ಎರಡು ಸಾಲು ಬರೆಯಲು ಧೈರ್ಯವಿಲ್ಲ. ರೀಮಾ, ಇದನ್ನು ನಿಮ್ಮಮ್ಮನಿಗೆ ಓದಿ ಹೇಳುತ್ತಿರುವವಳು ನೀನೇ ತಾನೆ? ಒಂದು ಸಾಲನ್ನೂ ನುಂಗಬೇಡ ಕಣೇ. ಅವರು ಮಧ್ಯೆ ಬೈದರೂ ಪೂರ್ತಿ ಓದು.

ಪತ್ರದ ಜೊತೆ ಒಂದು ತಗಡಿನ ಡಬ್ಬಿ ಬಂದಿರಬೇಕು. ಮುಚ್ಚಳ ಈಗಲೇ ತೆಗೆಯಬೇಡಿ, ಮೊದಲು ನನ್ನ ಮಾತು ಕೇಳಿ.

ಹೋಮ್ಸ್‌ನಿಂದ ನಾವು ಹೊರಟ ದಿನ ಬಸ್ ನಿಲ್ದಾಣದಲ್ಲಿ ನೆಂಟರಿಷ್ಟರೆಲ್ಲರ ಎದುರು ನೀವು ಅಂದದ್ದು ನೆನಪಿದೆಯೇ? "ಕೊತ್ತಂಬರಿಗೂ ಪುದೀನಕ್ಕೂ ವ್ಯತ್ಯಾಸ ಗೊತ್ತಿಲ್ದೋಳು ಪರದೇಶದಲ್ಲಿ ಸಂಸಾರ ಮಾಡ್ತಾಳಂತೆ! ಬೇಸಿಗೆ ಹೊತ್ತಿಗೆ ನನ್ನ ಮಗನ್ನ ಬಡಕಲು ಮಾಡಿ ವಾಪಸ್ ಕರ್ಕೊಂಬರ್ತಾಳೆ, ನೋಡ್ತಿರಿ." ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ನಿಮ್ಮ ಕೈಚೀಲದಿಂದ ಈದ್‌ನ ಸಿಹಿತಿಂಡಿ ಮಅಮೂಲ್ ಒತ್ತುವ ಮರದ ಅಚ್ಚು ತೆಗೆದು ನನ್ನ ಕೈಗೆ ಕೊಟ್ಟಿರಿ. ನಿಮ್ಮ ಅತ್ತೆ ನಿಮಗೆ ಕೊಟ್ಟ ಅಚ್ಚು ಅದು, ನಡುವೆ ನಕ್ಷತ್ರ ಇರುವುದು. "ಈದ್‌ಗೆ ಇದರಲ್ಲಿ ಮಅಮೂಲ್ ಮಾಡಿ ಕಳ್ಸು. ಆವಾಗ ಒಪ್ಕೋತೀನಿ ನೀನು ಸಂಸಾರ ಮಾಡೋಳು ಅಂತ" ಎಂದಿರಿ. ಬಸ್ಸು ಹೊರಟ ಮೇಲೂ ಕಿಟಕಿಯ ಪಕ್ಕ ಕುಂಟುತ್ತಾ ಬಂದು ಕೂಗಿದಿರಿ: "ಆ ಪೆಟ್ಟಿಗೆ ಮಾತ್ರ ಒಡೀಬೇಡಿ! ವಾಪಸ್ ಬರೋವಾಗ ಬೇಕಾಗುತ್ತೆ!"

ನಿಮ್ಮ ತಮ್ಮ ನಮ್ಮ ಸಾಮಾನಿಗೆಂದು ಮಾಡಿಕೊಟ್ಟ ಆ ದೊಡ್ಡ ಮರದ ಪೆಟ್ಟಿಗೆ. ಅದರ ವಿಷಯಕ್ಕೂ ಬರುತ್ತೇನೆ.

ನೀವು ಅಂದದ್ದು ಪೂರ್ತಿ ಸುಳ್ಳೇನಲ್ಲ, ಅತ್ತೆ. ನಿಮ್ಮ ಮನೆಯಲ್ಲಿ ನಾನು ಒಂದು ಕಟ್ಟು ಸೊಪ್ಪು ತಂದವಳಲ್ಲ. ಸಂತೆ ನಿಮ್ಮದು, ಚೌಕಾಸಿ ನಿಮ್ಮದು, ಉಗ್ರಾಣದ ಬೀಗದ ಕೈಯೂ ನಿಮ್ಮದು. ನೀವು ತಂದು ಸುರಿದದ್ದನ್ನು ಕೂತು ಬಿಡಿಸುವುದಷ್ಟೇ ನನ್ನ ಪಾಲಿಗೆ. ಇಲ್ಲಿ ಹಾಗಲ್ಲ. ನಿಮ್ಮ ಮಗ ಬೆಳಿಗ್ಗೆ ಶಾಲೆಗೆ ಹೋದರೆ ಸಂಜೆಗೇ ಬರುವುದು. ಬಾಗಿಲು ತೆರೆದು ನಾನೇ ಹೋಗಬೇಕು, ನಾನೇ ಕೇಳಬೇಕು, ನಾನೇ ಹೊತ್ತು ತರಬೇಕು. ಮೊದಲ ಸಲ ಬುಟ್ಟಿ ಹಿಡಿದು ಒಬ್ಬಳೇ ಬೀದಿಗಿಳಿದಾಗ ನನಗೆ ಎಷ್ಟು ಖುಷಿಯಾಯಿತೆಂದು ನಿಮಗೆ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಖುಷಿ ಮೂಲೆಯಂಗಡಿಯವರೆಗೆ ಮಾತ್ರ. "ಅಲ್ಲೂ ಅರಬ್ಬಿ, ಇಲ್ಲೂ ಅರಬ್ಬಿ, ಭಾಷೆ ಒಂದೇ" ಎಂದು ನಿಮ್ಮ ಮಗ ಹಡಗಿನ ಪ್ರಯಾಣದುದ್ದಕ್ಕೂ ಭಾಷಣ ಬಿಗಿದಿದ್ದರು. ಭಾಷೆ ಒಂದೇ ಅಂತೆ! ಅಂಗಡಿಯಲ್ಲಿ ಲಬನ್ ಕೇಳಿದೆ. ಮೊಸರು ಕೊಡುವುದು ಬಿಟ್ಟು ಮಜ್ಜಿಗೆ ಸುರಿದು ಕೊಟ್ಟ. "ಇದಲ್ಲಪ್ಪಾ, ಲಬನ್" ಎಂದೆ. "ಇದು ಲಬನ್ನೇ ಅಲ್ವೇನಮ್ಮಾ" ಎಂದ. ಗಟ್ಟಿಯಾಗಿರುವುದು, ಬಿಳಿಯದು, ಕತ್ತರಿಸಿದರೆ ತುಂಡಾಗುವುದು ಎಂದು ಕೈಯಲ್ಲಿ ಅಭಿನಯ ಮಾಡಿ ತೋರಿಸಿದೆ. ಬಟ್ಟೆ ಸೋಪು ತಂದು ಮುಂದಿಟ್ಟ.

ನಮ್ಮಲ್ಲಿ "ಆಯ್ತು" ಎನ್ನಲು "ಮಾಶಿ" ಎನ್ನುತ್ತೇವಲ್ಲ, ಇಲ್ಲಿನವರಿಗೆ ಅದು "ಅಲ್ಲ" ಎಂದಂತೆ. ಅವನು ಬೇಳೆಯ ಚೀಲ ತೋರಿಸಿ "ಇದಾ?" ಎಂದ. "ಮಾಶಿ" ಎಂದೆ. ಆ ಚೀಲ ಪಕ್ಕಕ್ಕಿಟ್ಟು ಇನ್ನೊಂದು ಎಳೆದ. "ಮಾಶಿ, ಮಾಶಿ" ಎಂದೆ. ಅದನ್ನೂ ಪಕ್ಕಕ್ಕಿಟ್ಟ. ಅಂಗಡಿಯ ಚೀಲಗಳೆಲ್ಲ ಬೀದಿಗೆ ಬಂದವು, ನಾನು ಬೇಳೆಯಿಲ್ಲದೆ ಮನೆಗೆ ಬಂದೆ. ಪಕ್ಕದ ಮನೆಯ ಲಲ್ಲಾ ತಾಮೋ ಎಂಬ ಮುದುಕಿ (ಇಲ್ಲಿ ಹಿರಿಯ ಹೆಂಗಸರಿಗೆ ಲಲ್ಲಾ, ಗಂಡಸರಿಗೆ ಸೀದಿ ಎನ್ನಬೇಕು), ದೇವರಂಥ ಹೆಂಗಸು, "ನಾಳೆ ಊಟಕ್ಕೆ ಬಾರಮ್ಮಾ, ಹೂತ್ ಹುರೀತೀನಿ" ಎಂದರು. ಹೂತ್! ನಮ್ಮಲ್ಲಿ ಅದು ಪ್ರವಾದಿ ಯೂನುಸರನ್ನೇ ನುಂಗಿದ ತಿಮಿಂಗಿಲ! ರಾತ್ರಿಯೆಲ್ಲ ನನಗೆ ಅದೇ ಯೋಚನೆ. ಮರುದಿನ ಹೋಗಿ ನೋಡಿದರೆ ತಟ್ಟೆಯಲ್ಲಿ ಬೆರಳುದ್ದದ ಬೂತಾಯಿ. ಮೀನು ಎಂದರೆಲ್ಲ ಇವರಿಗೆ ಹೂತ್ ಅಂತೆ.

ಇವನ್ನೆಲ್ಲ ನಗುತ್ತಾ ನುಂಗಿಕೊಂಡೆ. ಒಂದು ವಿಷಯ ಮಾತ್ರ ನನ್ನ ಹೊಟ್ಟೆ ಉರಿಸಿತು. ಕೆಲಸ ಮಾಡುವವರ ಮುಂದೆ ಬಾಯಿ ಮುಚ್ಚಿಕೊಂಡು ಹಾದುಹೋಗಬಾರದು, "ದೇವರು ನಿಮಗೆ ಆಫಿಯಾ ಕೊಡಲಿ" ಅನ್ನಬೇಕು, ದುಡಿಯುವ ಮೈಗೆ ಆರೋಗ್ಯ ಹಾರೈಸಬೇಕು ಎಂದು ಕಲಿಸಿದವರು ನೀವೇ. ನೀವು ಕಲಿಸಿದ ಬೇರೆ ಯಾವುದನ್ನು ಮರೆತರೂ ಇದನ್ನು ಮರೆತಿರಲಿಲ್ಲ. ಗಾಡಿಯವನು ನಮ್ಮ ಪೆಟ್ಟಿಗೆಯನ್ನು ಏದುಸಿರು ಬಿಡುತ್ತಾ ಅಂಗಳಕ್ಕೆ ತಂದ. "ದೇವರು ನಿನಗೆ ಆಫಿಯಾ ಕೊಡಲಪ್ಪಾ" ಎಂದೆ. ನನ್ನನ್ನು ದುರುಗುಟ್ಟಿ ನೋಡಿ ಪೆಟ್ಟಿಗೆಯನ್ನು ಧೊಪ್ಪೆಂದು ಎತ್ತಿಹಾಕಿ ಹೋದ. ಅಂಚೆ ಕಚೇರಿಯ ಗುಮಾಸ್ತ ನಿಮಗೆ ಬರೆದ ಪತ್ರಕ್ಕೆ ಮುದ್ರೆ ಒತ್ತಿದ, ಅವನಿಗೂ ಹೇಳಿದೆ. ಕಿಟಕಿಯ ಬಾಗಿಲನ್ನು ಮುಖದ ಮೇಲೆ ಬಡಿದ. ಮೂಲೆಯಂಗಡಿಯವನಿಗಂತೂ ದಿನಾ ಹೇಳುತ್ತಿದ್ದೆ. ಅವನು ಬರಬರುತ್ತಾ ನನ್ನ ಕಡೆ ನೋಡದೆಯೇ ತೂಗತೊಡಗಿದ. ಎಂಥ ಊರಪ್ಪಾ ಇದು, ಒಳ್ಳೆಯದು ಹಾರೈಸಿದರೆ ಮುಖ ಸಿಂಡರಿಸುತ್ತಾರಲ್ಲ ಎಂದು ನಾನು ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸುತ್ತಿದ್ದೆ.

ಇಷ್ಟಾದರೂ ಬದುಕಬಹುದಿತ್ತು. ಆದರೆ ರೊಟ್ಟಿ? ಇಲ್ಲಿ ಮನೆಯಲ್ಲಿ ಹಿಟ್ಟು ನಾದಿ, ಹಲಗೆಯ ಮೇಲಿಟ್ಟು, ಬಟ್ಟೆ ಮುಚ್ಚಿ ಬೀದಿಯ ಭಟ್ಟಿಗೆ ಒಯ್ಯುತ್ತಾರೆ. ನಮ್ಮ ಬೀದಿಯ ಭಟ್ಟಿ ಸೀದಿ ಜಿಲಾಲಿಯದು. ನೆಲದ ಗುಳಿಯೊಳಗೆ ನಿಂತು ಉದ್ದನೆಯ ಮರದ ಸಟ್ಟುಗದಿಂದ ಇಡೀ ಓಣಿಯ ರೊಟ್ಟಿ ಬೇಯಿಸುತ್ತಾನೆ. ಮೊದಲ ಸಲ ನನ್ನ ಹಲಗೆ ಹೊತ್ತು ಹೋದೆ. ಅವತ್ತು ಬುಧವಾರ. ನಗಬೇಡಿ! ಹೋಮ್ಸ್‌ನವರಿಗೆ ಬುಧವಾರ ಬುದ್ಧಿ ಕೆಡುತ್ತದೆಂದು ದಮಾಸ್ಕಸ್‌ನವರು ಆಡಿಕೊಳ್ಳುವುದು ಸುಳ್ಳಲ್ಲವೇನೋ. ಸೀದಿ ಜಿಲಾಲಿ ನನ್ನ ರೊಟ್ಟಿಗಳನ್ನು ತೆಗೆದುಕೊಳ್ಳಲು ಕೈ ಚಾಚಿದ. ಆ ಕೈ ಮಣಿಕಟ್ಟಿನಿಂದ ಮೇಲಕ್ಕೆ ಸುಟ್ಟು ಸುಕ್ಕಾಗಿತ್ತು, ಎರಡು ಬೆರಳು ಮಡಚುತ್ತಿರಲಿಲ್ಲ. ಅಂಥ ಕೈಯಲ್ಲಿ ದಿನವಿಡೀ ದುಡಿಯುತ್ತಾನಲ್ಲ ಎಂದು ಆ ಕೈಯನ್ನೇ ನೋಡುತ್ತಾ ಮನಸಾರೆ ಹೇಳಿದೆ, "ದೇವರು ನಿಮಗೆ ಆಫಿಯಾ ಕೊಡಲಿ."

ಭಟ್ಟಿಯ ಮುಂದಿದ್ದ ಹೆಂಗಸರೆಲ್ಲ ನನ್ನತ್ತ ತಿರುಗಿದರು. ಸೀದಿ ಜಿಲಾಲಿಯ ಮುಖ ಕಪ್ಪಿಟ್ಟಿತು. ನನ್ನ ಹಲಗೆಯನ್ನು ಮೇಲಕ್ಕೆ ತಳ್ಳಿ, "ತಗೊಂಡ್ ಹೋಗು ನಿನ್ನ ಹಿಟ್ಟು! ಇನ್ನೊಂದ್ಸಲ ಈ ಕಡೆ ತಲೆ ಹಾಕಬೇಡ!" ಎಂದ. ನಾನೇನು ಮಾಡಿದೆ ಎಂದು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಬೈದವಳಿಗೆ "ನೀನು ಬೈದೆ" ಎಂದು ಯಾರಾದರೂ ಬಿಡಿಸಿ ಹೇಳುತ್ತಾರೆಯೇ?

ಸಂಜೆ ನಿಮ್ಮ ಮಗ ಕೋಟು ತೊಟ್ಟು ನ್ಯಾಯ ಕೇಳಲು ಹೋದರು. "ಮಾನ್ಯರೇ, ನನ್ನ ಪತ್ನಿಯು ನಾದಿದ ಪಿಷ್ಟವನ್ನು ತಾವು ನಿರಾಕರಿಸಲು ಕಾರಣವೇನೆಂದು ತಿಳಿಯಬಹುದೇ?" ಎಂದು ಶುದ್ಧ ವ್ಯಾಕರಣದಲ್ಲಿ ಕೇಳಿದರಂತೆ. ಸೀದಿ ಜಿಲಾಲಿ ಪಕ್ಕದವರ ಕಡೆ ತಿರುಗಿ, "ಇವ್ರೇನು, ರೇಡಿಯೋದಲ್ಲಿ ವಾರ್ತೆ ಓದ್ತಾ ಇದಾರಾ?" ಎಂದನಂತೆ. ಬೀದಿಗೆ ಬೀದಿಯೇ ನಕ್ಕಿತು.

ಅವತ್ತಿನಿಂದ ಅಂಗಡಿಯ ಕೋಲಿನಂಥ ಗಟ್ಟಿ ರೊಟ್ಟಿ. ಹಲ್ಲಿನ ವಸಡು ಕೀಳುವಂಥದ್ದು. ಕಾವಲಿಯ ಮೇಲೆ ನಾನೇ ಬೇಯಿಸಿ ನೋಡಿದೆ, ಹೊರಗೆ ಕರಕಲು, ಒಳಗೆ ಹಸಿ. ನಿಮ್ಮ ಮಗ ಅದನ್ನೇ ತಿಂದರು. ಊಟ ಮುಗಿಸಿ ಅಂಗಳದ ಮಾಡಿನ ಕೆಳಗಿದ್ದ ಆ ಪೆಟ್ಟಿಗೆಯ ಹತ್ತಿರ ಹೋಗಿ ಮೊಳೆಗಳನ್ನು ಒತ್ತಿ ನೋಡಿದರು. "ಬೇಸಿಗೆಗೆ ಶಾಲೆಯ ಒಪ್ಪಂದ ಮುಗಿಯುತ್ತೆ. ಮುಂದುವರಿಸೋದು ಬೇಡ ಬಿಡು, ಇನ್ಸಾಫ್. ಊರಿಗೆ ಹೋಗಿಬಿಡೋಣ" ಎಂದರು. ಪಾಪ, ನನ್ನ ಮೇಲಿನ ಕನಿಕರದಿಂದಲೇ ಅಂದದ್ದು. ನನಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಹೋಮ್ಸ್‌ಗೆ ಬರುವುದೆಂದರೆ ಅಸಹ್ಯವೆಂದಲ್ಲ. ಸೋತು ಬರುವುದು ಬೇಡವಾಗಿತ್ತು. ರೊಟ್ಟಿ ಬೇಯಿಸಿಕೊಳ್ಳಲಾಗದೆ ಬಂದಳು ಎನ್ನಿಸಿಕೊಂಡು ಮತ್ತೆ ನಿಮ್ಮ ಬಾಗಿಲ ಹಿಂದೆ ಕೂತು ಸೊಪ್ಪು ಬಿಡಿಸುವುದು ಬೇಡವಾಗಿತ್ತು. ಅತ್ತೆ, ನಿಮ್ಮ ಮುಖಕ್ಕೆ ಹೇಳಲಾಗದ್ದನ್ನು ಸಮುದ್ರದಾಚೆಯಿಂದ ಹೇಳುತ್ತಿದ್ದೇನೆ, ಸಿಟ್ಟಾಗಬೇಡಿ. ರೀಮಾ, ಓದು, ನಿಲ್ಲಿಸಬೇಡ.

ರಂಜಾನ್‌ಗೆ ಮುಂಚೆ ಒಂದು ಮಧ್ಯಾಹ್ನ ಲಲ್ಲಾ ತಾಮೋ ಮನೆಯಲ್ಲಿ ಚಹಾಕ್ಕೆ ಕೂತಿದ್ದೆ. ಅಗ್ಗಿಷ್ಟಿಕೆಯ ಮೇಲೆ ಕೆಟಲು ಕುದಿಯುತ್ತಿತ್ತು. ಅವರ ಮೊಮ್ಮಗಳು, ಆಗತಾನೆ ತಟ್ಟಾಡುತ್ತಾ ನಡೆಯುವ ಕೂಸು, ಕೆಂಡದ ಕಡೆ ಹೊರಟಿತು. ಲಲ್ಲಾ ತಾಮೋ ಕಿರುಚಿದರು, "ಆಫಿಯಾ! ಆಫಿಯಾ!" ಮುದುಕಿ ಆರೋಗ್ಯ ಹಾರೈಸುತ್ತಿದ್ದಾರೆಂದುಕೊಂಡು ನಾನು ಲೋಟ ಎತ್ತಿ ನಗುತ್ತಾ, "ನಿಮಗೂ ಆಫಿಯಾ, ಲಲ್ಲಾ, ನಿಮ್ಮ ಮನೆಮಂದಿಗೆಲ್ಲ ಆಫಿಯಾ" ಎಂದೆ. ಅವರು ಹಾರಿ ಬಿದ್ದು ಮಗುವನ್ನು ಬಾಚಿಕೊಂಡು ನನ್ನ ಕಡೆ ತಿರುಗಿದರು. "ಏನಂದೆ? ನಮ್ಮನೆಗೆಲ್ಲ ಬೆಂಕಿ ಬೀಳ್ಲಿ ಅಂತೀಯಾ? ನಾನೇನೇ ಮಾಡಿದೆ ನಿನಗೆ?"

ಬೆಂಕಿ, ಅತ್ತೆ! ಇಲ್ಲಿ ಆಫಿಯಾ ಎಂದರೆ ಬೆಂಕಿ!

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮೂರಿನ ಅರ್ಥ ಹೇಳಿದೆ. ಮುದುಕಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಬೆಂಕೀನ ಅದರ ಹೆಸರಿಂದ ಕರೆದ್ರೆ ನರಕದ ನೆನಪು ಬರುತ್ತಮ್ಮಾ, ಅದಕ್ಕೇ ಹಿರೀಕರು ಒಳ್ಳೇ ಹೆಸರಿಟ್ರು" ಎಂದರು. ನಾನು ನಗಲಿಲ್ಲ. ಗಾಡಿಯವನು, ಗುಮಾಸ್ತ, ಅಂಗಡಿಯವನು ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ಊರು ತುಂಬ ನಾನು "ದೇವರು ನಿನಗೆ ಬೆಂಕಿ ಹಾಕಲಿ" ಎಂದು ಹಾರೈಸಿಕೊಂಡು ತಿರುಗಿದ್ದೆ. ಕೊನೆಗೆ ಸೀದಿ ಜಿಲಾಲಿಯ ಕೈ ಬಂತು. "ಆ ಕೈ ಹೇಗಾಯ್ತು, ಲಲ್ಲಾ?" ಎಂದು ಕೇಳಿದೆ. "ಅವನ ಹಳೇ ಭಟ್ಟಿ ಸುಟ್ಟುಹೋಯ್ತಲ್ಲ ತಾಯಿ, ಸೌದೆ ರಾಶಿಗೆ ಕಿಡಿ ಹಾರಿ. ಜನರ ರೊಟ್ಟಿ ಹಲಗೆ ಈಚೆ ತರೋಕೆ ಹೋಗಿ ಕೈ ಬೇಯಿಸ್ಕೊಂಡ" ಎಂದರು. ಅಂಥ ಕೈಯನ್ನು ನೋಡಿಕೊಂಡೇ ನಾನು ಹಾಗೆ ಅಂದಿದ್ದೆ.

"ನಾನೇ ಹೋಗಿ ಅವನಿಗೆ ತಿಳಿಸಿ ಹೇಳ್ತೀನಿ" ಎಂದರು ಲಲ್ಲಾ ತಾಮೋ. ಬೇಡವೆಂದೆ. ನಾನಾಡಿದ ಮಾತು, ನಾನೇ ಬಿಡಿಸಬೇಕು. ನಿಮ್ಮ ಸೊಸೆಯಲ್ಲವೇ, ಹಟ ಎಲ್ಲಿಗೆ ಹೋಗುತ್ತದೆ? ಅಂಗಡಿಯವನಿಗೆ ಹೇಳಿದೆ, ಬಿದ್ದು ಬಿದ್ದು ನಕ್ಕು ಒಂದು ಹಿಡಿ ಬೇಳೆ ಹೆಚ್ಚಿಗೆ ಹಾಕಿದ. ಸೀದಿ ಜಿಲಾಲಿ ಮಾತ್ರ ನನ್ನ ನೆರಳು ಕಂಡರೇ ಬೆನ್ನು ತಿರುಗಿಸುತ್ತಿದ್ದ. "ಇನ್ನೂ ಏನು ಬಾಕಿ ಉಳ್ದಿದೆ ಶಾಪ ಹಾಕೋಕೆ?" ಎಂದು ಗುಳಿಯೊಳಗಿಂದಲೇ ಗದರುತ್ತಿದ್ದ. ರಂಜಾನ್ ಬಂತು, ಅರ್ಧ ಕಳೆಯಿತು. ನಾನು ಪಿಸ್ತಾ ಬಿಡಿಸಿದೆ, ಖರ್ಜೂರ ಅರೆದೆ, ರವೆಗೆ ತುಪ್ಪ ತಿಕ್ಕಿ ನೆನೆಹಾಕಿದೆ. ಬೇಯಿಸುವುದು ಎಲ್ಲಿ ಎಂದು ಮಾತ್ರ ಗೊತ್ತಿರಲಿಲ್ಲ.

ಈದ್ ಹತ್ತಿರ ಬಂದಂತೆ ಮಳೆ ಹಿಡಿಯಿತು. ಬಿಡದೆ ಸುರಿಯಿತು. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಲಲ್ಲಾ ತಾಮೋ ಹಣೆ ಚಚ್ಚಿಕೊಳ್ಳುತ್ತಾ ಬಂದರು. "ಜಿಲಾಲಿ ಸೌದೆಯೆಲ್ಲ ನೆಂದುಹೋಗಿದೆಯಂತೆ. ಭಟ್ಟಿ ಹತ್ತಿಕೊಳ್ತಾನೇ ಇಲ್ಲ. ಇಡೀ ಓಣಿಯ ಹಬ್ಬದ ತಿಂಡಿ ತಟ್ಟೆಯಲ್ಲೇ ಕೂತಿದೆ."

ನಾನು ಅಂಗಳದ ಕಡೆ ನೋಡಿದೆ. ಮಾಡಿನ ಕೆಳಗೆ ಪೆಟ್ಟಿಗೆ ಬೆಚ್ಚಗೆ, ಒಣಗಿ ಕೂತಿತ್ತು. ಮೈಮೇಲೆ ನಿಮ್ಮ ತಮ್ಮ ಬಳಿದ ದೊಡ್ಡ ಕಪ್ಪಕ್ಷರ, "ಹೋಮ್ಸ್". ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಕೈ ಬರಲಿಲ್ಲ. ಅದನ್ನು ಒಡೆದರೆ ಏನನ್ನು ಒಡೆದಂತೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ನೀವೇ ಕೊಟ್ಟ ಮಾಂಸ ಕುಟ್ಟುವ ಒನಕೆ ತೆಗೆದುಕೊಂಡು ಶುರು ಮಾಡಿದೆ. ಮೊದಲ ಹಲಗೆ ಗಟ್ಟಿಯಾಗಿತ್ತು. ನಿಮ್ಮ ತಮ್ಮನ ಕೆಲಸ ಅಚ್ಚುಕಟ್ಟು, ಹೇಳಿಬಿಡಿ ಅವರಿಗೆ. ಉಳಿದವು ಸಲೀಸಾಗಿ ಬಂದವು. ಮೇಜಿನ ಮೇಣಬಟ್ಟೆಯಲ್ಲಿ ಸುತ್ತಿ, ಒಂದು ಹೊರೆ ನನ್ನ ತಲೆಗೆ, ಅಚ್ಚಿನಲ್ಲಿ ಒತ್ತಿಟ್ಟಿದ್ದ ಮಅಮೂಲ್ ತಟ್ಟೆ ಲಲ್ಲಾ ತಾಮೋ ತಲೆಗೆ. ಮಳೆಯಲ್ಲಿ ಹೊರಟೆವು.

ಭಟ್ಟಿಯ ಮುಂದೆ ಜಾತ್ರೆಯಂಥ ಗುಂಪು, ಎಲ್ಲರಿಗೂ ಉಪವಾಸದ ಸಿಟ್ಟು. "ಏನ್ ಸೀದಿ ಜಿಲಾಲಿ, ಈ ವರ್ಷದ ಹಬ್ಬಾನ ಮುಂದಿನ ವರ್ಷಕ್ಕೆ ಇಟ್ಕೊಳ್ಳೋಣ್ವಾ?" ಎಂದು ಒಬ್ಬಳು ಕೆಣಕಿದಳು. "ನನ್ನೇನ್ ಕೇಳ್ತೀಯ, ಮೋಡಾನ ಕೇಳು ಹೋಗು!" ಎಂದು ಹೊಗೆಯೊಳಗಿಂದ ಅವನ ಕೆಮ್ಮು ಬಂತು. ನಾನು ಜನರನ್ನು ಸರಿಸಿಕೊಂಡು ಹೋಗಿ ಹೊರೆಯನ್ನು ಅವನ ಮುಂದೆ ಇಳಿಸಿದೆ. ಮೇಣಬಟ್ಟೆ ಬಿಚ್ಚಿದೆ. ಅವನು ಹಲಗೆಗಳನ್ನು ಮುಟ್ಟಿ ನೋಡಿದ, ತಲೆಯೆತ್ತಿ ನನ್ನನ್ನು ನೋಡಿದ.

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ, ಇಲ್ಲಿಯ ಮಾತಿನಲ್ಲೇ, ತಪ್ಪಿಲ್ಲದಂತೆ. ಆದರೆ ಅವನ ಕಣ್ಣು ಹೊಗೆಗೆ ಕೆಂಪಾಗಿ ನೀರು ಸುರಿಯುತ್ತಿತ್ತು. ಸುಟ್ಟ ಕೈಯಲ್ಲಿ ಹಲಗೆಯೊಂದನ್ನು ಹಿಡಿದಿದ್ದ. ಆ ಕೈ ನೋಡಿ ಕಲಿತದ್ದೆಲ್ಲ ಮರೆತುಹೋಯಿತು. ನೀವು ಕಲಿಸಿದ್ದೇ ಬಾಯಿಗೆ ಬಂತು.

"ದೇವರು ನಿಮಗೆ ಆಫಿಯಾ ಕೊಡಲಿ, ಸೀದಿ ಜಿಲಾಲಿ!"

"ಅಯ್ಯೋ, ಮತ್ತೆ ಅಂದ್ಲಲ್ಲಪ್ಪಾ!" ಎಂದು ಲಲ್ಲಾ ತಾಮೋ ಕೆನ್ನೆ ಬಡಿದುಕೊಂಡರು. ನಾನು ನಾಲಿಗೆ ಕಚ್ಚಿಕೊಂಡೆ. ಸೀದಿ ಜಿಲಾಲಿ ತಣ್ಣಗಿದ್ದ ಭಟ್ಟಿಯನ್ನು ನೋಡಿದ, ಒಣ ಹಲಗೆಗಳನ್ನು ನೋಡಿದ, ನನ್ನನ್ನು ನೋಡಿದ. ಅವನ ಮೀಸೆ ಅಲುಗಿತು. ಮೊದಲು ಕೆಮ್ಮೆಂದುಕೊಂಡೆ, ನಗು ಅದು. "ಆಮೀನ್!" ಎಂದ. "ಆಮೀನ್ ಕಣಮ್ಮಾ! ಬೆಂಕಿ ಕೊಡು ಬೆಂಕಿ ಕೊಡು ಅಂತ ಬೆಳಿಗ್ಗೆಯಿಂದ ನಾನೂ ದೇವರನ್ನ ಅದನ್ನೇ ಕೇಳ್ತಾ ಇದೀನಿ!" ತಟ್ಟೆ ಹೊತ್ತ ಹೆಂಗಸರೆಲ್ಲ ಒಟ್ಟಿಗೆ "ಆಮೀನ್!" ಎಂದರು.

ಹಲಗೆ ಚಟಚಟ ಉರಿಯತೊಡಗಿದ ಮೇಲೆ ಅವನು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ, "ಅಲ್ಲಾ, ನಿಮ್ಮೂರಲ್ಲಿ ಆ ಮಾತಿಗೆ ಏನರ್ಥ?" ಅವನ ಕೈ ತೋರಿಸಿದೆ. "ಆರೋಗ್ಯ. ಅವತ್ತು ಈ ಕೈಗೆ ಹೇಳಿದ್ದು" ಎಂದೆ. ಅವನು ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡ. "ಅದನ್ನ ಅವತ್ತೇ ಹೇಳಬಾರದಿತ್ತಾ ಮಗಳೇ" ಎಂದ. "ಹೇಳಿದ್ನಲ್ಲ!" ಎಂದೆ. ಎಲ್ಲರಿಗಿಂತ ಮೊದಲು ನನ್ನ ತಟ್ಟೆಯನ್ನೇ ಒಳಗಿಟ್ಟ. ಒಂದು ಮಅಮೂಲನ್ನು ಬೆಳಕಿಗೆ ಹಿಡಿದು ಅದರ ನಕ್ಷತ್ರ ನೋಡಿ, "ಇನ್ಮೇಲೆ ರೊಟ್ಟಿಗೂ ಇದೇ ಒತ್ತು. ಯಾರ ಮನೇದು ಅಂತ ಗುರುತು ಸಿಗುತ್ತೆ" ಎಂದ. ಅತ್ತೆ, ಈ ಓಣಿಯಲ್ಲಿ ಪ್ರತಿ ಮನೆಯ ರೊಟ್ಟಿಗೂ ಒಂದು ಗುರುತಿದೆ. ಈಗ ನಿಮ್ಮ ಅಚ್ಚಿನ ನಕ್ಷತ್ರ ನಮ್ಮ ಮನೆಯ ಗುರುತು.

ಉಪವಾಸ ಬಿಡುವ ಹೊತ್ತಿಗೆ ನಿಮ್ಮ ಮಗ ಬಂದರು. ಅಂಗಳ ನೋಡಿದರು. "ಪೆಟ್ಟಿಗೆ ಎಲ್ಲಿ?" ಎಂದರು. "ಭಟ್ಟಿಗೆ ಹೋಯ್ತು" ಎಂದೆ. "ಮತ್ತೆ ವಾಪಸ್ ಹೋಗುವಾಗ?" ಎಂದರು. "ವಾಪಸ್ ಯಾರು ಹೋಗ್ತಿರೋದು?" ಎಂದು ಬಿಸಿ ಮಅಮೂಲ್ ಒಂದನ್ನು ಅವರ ಬಾಯಿಗಿಟ್ಟೆ. ನಿಂತಲ್ಲೇ ಕಣ್ಣು ಮುಚ್ಚಿ ತಿಂದರು. ಇನ್ನೊಂದಕ್ಕೆ ಕೈ ಚಾಚುತ್ತಾ ಹೇಳಿದರು, "ಅಮ್ಮಂಗೆ ನೀನೇ ಬರಿ."

ಬರೆದಿದ್ದೇನೆ. ಈಗ ಡಬ್ಬಿಯ ಮುಚ್ಚಳ ತೆಗೆಯಿರಿ. ನಿಮ್ಮ ಅಚ್ಚು, ನನ್ನ ಕೈ, ನಿಮ್ಮ ತಮ್ಮನ ಪೆಟ್ಟಿಗೆಯ ಬೆಂಕಿ. ಸಕ್ಕರೆ ಹೆಚ್ಚಾಯಿತು, ಅಂಚು ಒಡೆಯಿತು ಎಂದು ಹೇಳಲು ಏನಾದರೂ ನಿಮಗೆ ಸಿಕ್ಕೇ ಸಿಗುತ್ತದೆ, ಹೇಳಿ. ಆದರೆ ಎರಡನೆಯದನ್ನು ತಿನ್ನುತ್ತಾ ಹೇಳುತ್ತೀರೆಂದು ನನಗೆ ಗೊತ್ತು. ರೀಮಾ ನನಗೆ ಬರೆದು ತಿಳಿಸುತ್ತಾಳೆ.

ಬೇಸಿಗೆಯಲ್ಲಿ ನಿಮ್ಮನ್ನು ನೋಡಲು ಬರುತ್ತೇವೆ, ಸಣ್ಣ ಕೈಚೀಲ ಹಿಡಿದು. ಹೋಗುವಾಗ ನಿಮ್ಮನ್ನೂ ಕರೆದುಕೊಂಡು ಹೋಗುತ್ತೇವೆ. ಇಲ್ಲಿಯ ಸಂತೆಗೆ ನಾನೇ ಕೈಹಿಡಿದು ಕರೆದೊಯ್ಯುತ್ತೇನೆ. ನೀವು ಲಬನ್ ಕೇಳಬೇಡಿ, ಮಾಶಿ ಅನ್ನಬೇಡಿ, ಸುಮ್ಮನೆ ನನ್ನ ಹಿಂದೆ ಬನ್ನಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ!

ದೇವರು ನಿಮ್ಮ ಮೊಣಕಾಲಿಗೆ ಆಫಿಯಾ ಕೊಡಲಿ, ಇದು ಹೋಮ್ಸ್‌ನದು. ನಿಮ್ಮ ಒಲೆಗೆ ಎಂದೆಂದೂ ಆಫಿಯಾ ಕೊಡಲಿ, ಇದು ಮಕ್ನಾಸ್‌ನದು.

ಎರಡಕ್ಕೂ ಆಮೀನ್ ಅನ್ನಿ.

ಕೊತ್ತಂಬರಿ ಯಾವುದು, ಪುದೀನ ಯಾವುದು ಎಂದು ಈಗ ಬಲ್ಲ
ನಿಮ್ಮ ಸೊಸೆ,
ಇನ್ಸಾಫ್